ಐದು ಲೀಟರಿನ ಪೆಟ್ಟಿಗೆ, ಒಬ್ಬ ಮನುಷ್ಯನ ದನಿ

ಸ್ಪೀಕರ್ ಮಾರುವ ಅಂಗಡಿಗಳಲ್ಲಿ ಗಿರಾಕಿಗೆ ಕೇಳಿಸುವುದು ಡ್ರಮ್ಮಿನ ಹೊಡೆತ, ಇಲ್ಲವೇ ಸಿನಿಮಾದ ಸ್ಫೋಟ. ಎದೆ ನಡುಗಿತೋ, ವ್ಯಾಪಾರ ಕುದುರಿತು. ಬ್ರಿಟನ್ನಿನ ಬಿಬಿಸಿ ಸಂಶೋಧನಾ ವಿಭಾಗದ ಎಂಜಿನಿಯರುಗಳು ತಮ್ಮ ಸ್ಪೀಕರುಗಳನ್ನು ಒರೆಗೆ ಹಚ್ಚುತ್ತಿದ್ದುದು ಮಾತಿನಿಂದ. ಪಕ್ಕದ ಕೋಣೆಯಲ್ಲಿ ಮೈಕಿನ ಮುಂದೆ ಒಬ್ಬ ಮಾತಾಡುತ್ತಾನೆ. ಅವನ ದನಿ ಇಲ್ಲಿ ಪೆಟ್ಟಿಗೆಯಿಂದ ಬರುತ್ತದೆ. ಅವನನ್ನು ಬಲ್ಲವರು ಕೂತು ಕೇಳುತ್ತಾರೆ. ಸ್ಫೋಟ ನಿಜಕ್ಕೂ ಹೇಗೆ ಕೇಳಬೇಕೆಂದು ನಮ್ಮಲ್ಲಿ ಯಾರಿಗೆ ಗೊತ್ತು? ಗುರುತಿನವರ ಗಂಟಲಾದರೆ ಹಾಗಲ್ಲ. ತುಸು ಮೂಗಿನಲ್ಲಿ ಮಾತಾಡಿದಂತೆ ಕೇಳಿದರೂ, ‘ಸ’ಕಾರ ಸ್ವಲ್ಪ ಹೆಚ್ಚು ಸೀಟಿ ಹೊಡೆದರೂ, ಎದೆಯ ದನಿ ಡಬ್ಬದೊಳಗಿಂದ ಬಂದಂತಿದ್ದರೂ ತಾಂತ್ರಿಕ ಜ್ಞಾನವೇ ಇಲ್ಲದವರು ಕೂಡ ಹಿಡಿದುಬಿಡುತ್ತಾರೆ.

ಈ ಪರೀಕ್ಷೆಯಲ್ಲಿ ಪಳಗಿ ಬಂದ ಪೆಟ್ಟಿಗೆಗಳಲ್ಲಿ ಅತಿ ಚಿಕ್ಕದೇ ಅತಿ ಪ್ರಸಿದ್ಧವಾಯಿತು. ಹೆಸರಿಗೆ ಯಾವ ಆಕರ್ಷಣೆಯೂ ಇಲ್ಲ: ಎಲ್‌ಎಸ್ 3/5ಎ. ಬಿಬಿಸಿಯ ಲೆಕ್ಕದಲ್ಲಿ ಎಲ್‌ಎಸ್ ಅಂದರೆ ಲೌಡ್‌ಸ್ಪೀಕರ್, ಮೂರು ಅಂದರೆ ಹೊರಾಂಗಣ ಪ್ರಸಾರಕ್ಕೆ, ಐದು ಅಂದರೆ ಆ ಸಾಲಿನ ಐದನೆಯ ವಿನ್ಯಾಸ, ಎ ಅಂದರೆ ಅದರ ತಿದ್ದಿದ ರೂಪ. ಎತ್ತರ ಒಂದು ಅಡಿ, ಅಗಲ ಸುಮಾರು ಏಳೂವರೆ ಇಂಚು, ಒಳಗಿನ ಗಾಳಿ ಐದು ಲೀಟರಿನಷ್ಟು. 1970ರ ದಶಕದ ಆರಂಭದಲ್ಲಿ ಸರ್ರೆಯ ಕಿಂಗ್ಸ್‌ವುಡ್ ವಾರೆನ್ ಎಂಬ ಹಳೆಯ ಬಂಗಲೆಯಲ್ಲಿ, ಅಂದರೆ ಸಂಶೋಧನಾ ವಿಭಾಗದ ಠಾಣ್ಯದಲ್ಲಿ, ಇದು ರೂಪುಗೊಂಡಿತು. ಮನೆಗೆಂದು ಮಾಡಿದ್ದಲ್ಲ. ಪ್ರಸಾರದ ವ್ಯಾನಿನೊಳಗೆ ದೊಡ್ಡ ಮಾನಿಟರ್ ಸ್ಪೀಕರಿಗೆ ಜಾಗವಿಲ್ಲ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದವರೊಡನೆ ಮಾತಾಡಲಾಗದು. ಆ ಇಕ್ಕಟ್ಟಿಗೆ ಹುಡುಕಿದ ದಾರಿ ಇದು.

ಹುಟ್ಟಿದ ಬಗೆ ಇನ್ನೂ ಸ್ವಾರಸ್ಯದ್ದು. ಹೊಸ ಸ್ಟುಡಿಯೊ ಕಟ್ಟುವ ಮೊದಲೇ ಅದರ ದನಿ ಹೇಗಿದ್ದೀತು ಎಂದು ತಿಳಿಯಲು ಬಿಬಿಸಿಯವರು ಎಂಟನೇ ಒಂದರಷ್ಟು ಗಾತ್ರದ ಮಾದರಿ ಕೋಣೆ ಕಟ್ಟುತ್ತಿದ್ದರು. ಕೋಣೆ ಎಂಟು ಪಟ್ಟು ಕುಗ್ಗಿದರೆ ಶಬ್ದದ ಅಲೆಯೂ ಅಷ್ಟೇ ಕುಗ್ಗಬೇಕು. ಆದ್ದರಿಂದ ಪ್ರತಿಧ್ವನಿಯಿಲ್ಲದೆ ಮುದ್ರಿಸಿದ ಸಂಗೀತವನ್ನು ಎಂಟು ಪಟ್ಟು ವೇಗದಲ್ಲಿ ಅದರೊಳಗೆ ನುಡಿಸಿ, ಮತ್ತೆ ಮುದ್ರಿಸಿ, ನಿಧಾನಿಸಿ ಕೇಳುವುದು. 50 ಹರ್ಟ್ಸ್ ಆಗ 400 ಹರ್ಟ್ಸ್ ಆಗುತ್ತದೆ, ಮೇಲಿನ ತುದಿ 1,00,000 ಹರ್ಟ್ಸ್ ಮುಟ್ಟುತ್ತದೆ. ಈ ಕೆಲಸಕ್ಕಾಗಿ ಮಾಡಿದ ಪುಟ್ಟ ಸ್ಪೀಕರಿನ ಕೆಳಸ್ಥಾಯಿಯ ಘಟಕವನ್ನು ಮಾಮೂಲಿ ವೇಗದಲ್ಲಿ ಕೇಳಿ ನೋಡಿದಾಗ, ಆ ಗಾತ್ರಕ್ಕೆ ನಂಬಲಾಗದಷ್ಟು ಸಹಜವಾಗಿತ್ತು. ವ್ಯಾನಿನ ಸಮಸ್ಯೆಗೆ ಉತ್ತರ ಕೈಯಲ್ಲೇ ಇತ್ತು.

ಚಿಕ್ಕ ಪೆಟ್ಟಿಗೆಯಿಂದ ಒಳ್ಳೆಯ ದನಿ ಹೊರಡಿಸುವುದು ಯಾಕೆ ಕಷ್ಟ? 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ವಿವರಿಸಿದ ತತ್ವದಲ್ಲೇ ಇಂದಿನ ಬಹುಪಾಲು ಸ್ಪೀಕರುಗಳೂ ಕೆಲಸ ಮಾಡುತ್ತವೆ: ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಕೋನ್. ಕೋನ್ ಮುಂದೆ ತಳ್ಳಿದಷ್ಟೇ ಹಿಂದೆಯೂ ಗಾಳಿಯನ್ನು ಎಳೆಯುತ್ತದೆ. ಎರಡೂ ಕಡೆಯ ಅಲೆಗಳು ಒಂದನ್ನೊಂದು ಅಳಿಸಿಹಾಕದಂತೆ ತಡೆಯಲು ಪೆಟ್ಟಿಗೆ ಬೇಕು. ಪೆಟ್ಟಿಗೆ ಮುಚ್ಚಿದೊಡನೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದೆಳೆಯುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಆ ಹಿಡಿತ ಬಿಗಿ. ಇನ್ನೊಂದು ಕಷ್ಟ: ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಐದು ಇಂಚಿನ ವೂಫರ್, ಅಂದರೆ ಕೆಳಸ್ಥಾಯಿಯ ಘಟಕ, ಎಷ್ಟು ದೂರ ಓಡೀತು? ಚಿಕ್ಕ ಗಾತ್ರ, ಆಳವಾದ ಬಾಸ್, ಕಡಿಮೆ ವಿದ್ಯುತ್ತಿಗೆ ಜೋರಾದ ದನಿ: ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರೂ ಸಿಗುವುದಿಲ್ಲ. ಮೂರೂ ಇದೆ ಎನ್ನುವ ಜಾಹೀರಾತನ್ನು ಕಂಡರೆ ಪುಟ ತಿರುಗಿಸುವುದು ಒಳ್ಳೆಯದು.

ಬಿಬಿಸಿಯ ಡಡ್ಲಿ ಹಾರ್‌ವುಡ್ ಮತ್ತು ಜೊತೆಗಾರರು ಹಿಡಿದ ದಾರಿ ವಿಚಿತ್ರ. ಅವರು ಚಿಕ್ಕ ಗಾತ್ರವನ್ನು ಉಳಿಸಿಕೊಂಡು ಉಳಿದ ಎರಡರಲ್ಲೂ ಸಾಕಷ್ಟು ಬಿಟ್ಟುಕೊಟ್ಟರು. ಬಾಸ್ ಸುಮಾರು 80 ಹರ್ಟ್ಸ್‌ನಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸಿಗುವುದು ಬರೇ 82-83 ಡೆಸಿಬೆಲ್. ಕೊಟ್ಟ ವಿದ್ಯುತ್ತಿನ ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಶಬ್ದವಾಗುತ್ತದೆ, ಉಳಿದದ್ದೆಲ್ಲ ಶಾಖ. ಇಷ್ಟು ಕಳೆದುಕೊಂಡು ಗಳಿಸಿದ್ದು ನಡುವಿನ ಸ್ಥಾಯಿಗಳನ್ನು, ಮನುಷ್ಯನ ಮಾತು ಮತ್ತು ಹಾಡಿಕೆ ವಾಸವಾಗಿರುವ ಜಾಗವನ್ನು. ವ್ಯಾನಿನಲ್ಲಿ ಕೂತವನಿಗೆ ಬೇಕಾದದ್ದೂ ಅದೇ.

ಆ ನಡುಸ್ಥಾಯಿ ಸ್ವಚ್ಛವಾಗಿರಲು ಮಾಡಿದ ಕಸರತ್ತು ಒಂದೆರಡಲ್ಲ. ವೂಫರ್ ಕೆಇಎಫ್ ಕಂಪನಿಯ ಬಿ110. ಅದರ ಕೋನ್ ಕಾಗದದ್ದಲ್ಲ, ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನದು. ಕಾಗದ ಹವೆಗೆ ತಕ್ಕಂತೆ ಬದಲಾಗುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಪ್ಲಾಸ್ಟಿಕ್ಕಿಗೆ ಆ ಚಂಚಲತೆ ಕಡಿಮೆ. ಆದರೆ ಅದಕ್ಕೆ ತನ್ನದೇ ಒಂದು ನಾದವಿರುವುದರಿಂದ ಮೇಲೆ ಲೇಪ ಬಳಿದು ಕಂಪನವನ್ನು ತಗ್ಗಿಸಬೇಕು. ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಅದೇ ಕಂಪನಿಯ ಟಿ27, ಮುಕ್ಕಾಲು ಇಂಚಿನ ಗುಮ್ಮಟ. ಅದರ ಸುತ್ತ ದಪ್ಪ ಫೆಲ್ಟ್ ಬಟ್ಟೆಯ ಚೌಕಟ್ಟು. ಪೆಟ್ಟಿಗೆಯ ಅಂಚಿಗೆ ಬಡಿದು ಚದುರುವ ಅಲೆಗಳು ಮೂಲ ದನಿಯೊಂದಿಗೆ ಬೆರೆತು ಅದನ್ನು ಕೆಡಿಸಬಾರದು ಎಂಬುದಕ್ಕೆ ಈ ಏರ್ಪಾಡು.

ಪೆಟ್ಟಿಗೆಯ ವಿಷಯದಲ್ಲಂತೂ ಬಿಬಿಸಿಯವರು ಲೋಕಕ್ಕೆ ವಿರುದ್ಧ ನಡೆದರು. ಗೋಡೆ ದಪ್ಪವಿದ್ದಷ್ಟೂ ಒಳ್ಳೆಯದೆಂದು ಎಲ್ಲರೂ ನಂಬಿದ್ದರೆ, ಇವರು ತೆಳು ಬರ್ಚ್ ಪ್ಲೈವುಡ್ಡಿನ ಒಳಮೈಗೆ ಡಾಂಬರಿನ ಹಾಳೆ ಅಂಟಿಸಿದರು. ಕಾರಣ ಸರಳ. ಯಾವ ಗೋಡೆಯೂ ಪೂರ್ತಿ ಸುಮ್ಮನಿರುವುದಿಲ್ಲ. ದಪ್ಪ ಗೋಡೆ ಮಿಡಿಯುವುದು ಕಿವಿ ಹೆಚ್ಚು ಚುರುಕಾಗಿರುವ ಸ್ಥಾಯಿಯಲ್ಲಿ. ತೆಳು ಗೋಡೆಯದು ಕೆಳಗಿನ ಸ್ಥಾಯಿಯಲ್ಲಿ, ಅಲ್ಲಿ ಡಾಂಬರು ಅದರ ಸದ್ದಡಗಿಸುತ್ತದೆ. ಮೂಲೆಗಳ ಪಟ್ಟಿಗೆ ಬೀಚ್ ಮರದ ಬದಲು ಮೆತ್ತನೆಯ ಪೈನ್ ಬಳಸಿದರೆ ದನಿಯ ಬಣ್ಣ ಬದಲಾಗುತ್ತದೆಂದೂ ಅವರು ಕಂಡುಕೊಂಡರು. ಕೇಳಿದವರಿಗೆ ಉತ್ಪ್ರೇಕ್ಷೆ ಅನ್ನಿಸೀತು. ವೀಣೆಗೆ ಹಲಸು ಬೇಕೆಂದು ಪಟ್ಟು ಹಿಡಿಯುವ ನಮ್ಮ ಕುಶಲಕರ್ಮಿಗಳಿಗೆ ಅನ್ನಿಸದು. ವ್ಯತ್ಯಾಸವೆಂದರೆ ಅಲ್ಲಿ ಮರ ನುಡಿಯಬೇಕು, ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ವೂಫರಿಗೂ ಟ್ವೀಟರಿಗೂ ಸ್ವರಗಳನ್ನು ಹಂಚಿಕೊಡುವ ಕ್ರಾಸೋವರ್ ಸರ್ಕ್ಯೂಟು ಈ ಗಾತ್ರದ ಸ್ಪೀಕರಿಗೆ ಅತಿಯಾಯಿತು ಅನ್ನುವಷ್ಟು ಜಟಿಲ. ಸುಮಾರು 3,000 ಹರ್ಟ್ಸ್‌ನಲ್ಲಿ ಹಂಚಿಕೆ. ಅದಷ್ಟೇ ಆಗಿದ್ದರೆ ನಾಲ್ಕೈದು ಬಿಡಿಭಾಗ ಸಾಕಿತ್ತು. ಬಿ110 ವೂಫರಿಗೆ 1,000 ಹರ್ಟ್ಸ್ ದಾಟಿದ ಮೇಲೆ ಒಂದು ಏರುದಿಬ್ಬವಿದೆ; ಅದನ್ನು ತಟ್ಟಿ ಸಮ ಮಾಡಬೇಕು. ಟ್ವೀಟರಿನ ಜೋರನ್ನು ಪ್ರತಿ ಪೆಟ್ಟಿಗೆಯಲ್ಲೂ ಬೇರೆಬೇರೆಯಾಗಿ ಹೊಂದಿಸಲು ಹಲವು ಕವಲುಗಳುಳ್ಳ ಸುರುಳಿ ಬೇಕು. ಯಾಕಿಷ್ಟು ಹಟ? ಒಂದು ವ್ಯಾನಿನ ಪೆಟ್ಟಿಗೆಯೂ ಇನ್ನೊಂದು ವ್ಯಾನಿನದೂ ಒಂದೇ ಥರ ಕೇಳದಿದ್ದರೆ ಎಂಜಿನಿಯರ್ ತನ್ನ ಕಿವಿಯನ್ನು ನಂಬುವುದಾದರೂ ಹೇಗೆ?

ಬಿಬಿಸಿ ತಾನೇ ಕಾರ್ಖಾನೆ ತೆರೆಯಲಿಲ್ಲ, ಪರವಾನಗಿ ಕೊಟ್ಟಿತು. ರೋಜರ್ಸ್, ಚಾರ್ಟ್‌ವೆಲ್, ಆಡಿಯೊಮಾಸ್ಟರ್ ಮೊದಲಿಗೆ. ಸ್ಪೆಂಡರ್, ಹಾರ್ಬೆತ್, ಗುಡ್‌ಮನ್ಸ್, ಸ್ವತಃ ಕೆಇಎಫ್ ಆಮೇಲೆ. ಇವರಲ್ಲಿ ಹಲವರು ಒಂದೇ ಮನೆಯವರು. ಕೆಇಎಫ್ ಕಂಪನಿಯನ್ನು 1961ರಲ್ಲಿ ಕೆಂಟಿನ ಮೇಡ್‌ಸ್ಟನ್ನಿನಲ್ಲಿ ಕಟ್ಟಿದ ರೇಮಂಡ್ ಕುಕ್ ಹಿಂದೆ ಬಿಬಿಸಿಯಲ್ಲಿದ್ದವರು. ಸ್ಪೆಂಡರ್ ಹುಟ್ಟುಹಾಕಿದ ಸ್ಪೆನ್ಸರ್ ಹ್ಯೂಸ್ ಅದೇ ಸಂಶೋಧನಾ ವಿಭಾಗದವರು. ಹಾರ್‌ವುಡ್ ಕೂಡ ಬಿಬಿಸಿ ಬಿಟ್ಟು 1977ರಲ್ಲಿ ಹಾರ್ಬೆತ್ ಆರಂಭಿಸಿದರು, ಬೆಕ್ಸ್‌ಟ್ರೀನ್ ಬದಲು ಪಾಲಿಪ್ರೊಪಿಲೀನ್ ಕೋನ್ ತಂದರು. ಸರ್ಕಾರಿ ಛಾಯೆಯ ಒಂದು ಪ್ರಯೋಗಾಲಯ ಒಂದಿಡೀ ಖಾಸಗಿ ಉದ್ಯಮಕ್ಕೆ ಗುರುಕುಲವಾದ ಕಥೆ ಇದು. ಆ ಪ್ರಯೋಗಾಲಯದ ವರದಿಗಳು ಗುಟ್ಟಾಗಿಯೂ ಉಳಿಯಲಿಲ್ಲ. 3/5ಎಯ ವಿನ್ಯಾಸವನ್ನು ವಿವರಿಸುವ 1976ರ ವರದಿಯನ್ನು ಹವ್ಯಾಸಿಗಳು ಇವತ್ತಿಗೂ ಓದುತ್ತಾರೆ.

ವ್ಯಾನಿಗೆಂದು ಮಾಡಿದ್ದು ಮನೆಗಳಿಗೆ ನುಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಲಂಡನ್ನಿನ ಫ್ಲ್ಯಾಟು, ಹಾಂಗ್‌ಕಾಂಗಿನ, ಜಪಾನಿನ ಕಿರುಕೋಣೆಗಳು ವ್ಯಾನಿಗಿಂತ ಎಷ್ಟು ದೊಡ್ಡವು? ಅಲ್ಲಿ ಅಭಿಮಾನ ಭಕ್ತಿಗೆ ತಿರುಗಿದೆ. ಮೊದಲಿನ 15 ಓಮ್ ವಿದ್ಯುತ್ ತಡೆಯ ಪೆಟ್ಟಿಗೆ ಶ್ರೇಷ್ಠವೋ, 1980ರ ದಶಕದ ಕೊನೆಯಲ್ಲಿ ಬಂದ 11 ಓಮ್ ಶ್ರೇಷ್ಠವೋ ಎಂಬ ಜಗಳಕ್ಕೆ ಕೊನೆಯಿಲ್ಲ. ಒಂದು ಕಾಲದ ವೂಫರುಗಳ ಮೇಲಿನ ಬಿಳಿಚಿದ ಲೇಪಕ್ಕೇ ಬೇರೆ ಬೆಲೆ. ಎಲ್ಲ ಪೆಟ್ಟಿಗೆಯೂ ಒಂದೇ ಥರ ಕೇಳಬೇಕೆಂದು ಪಣತೊಟ್ಟವರ ಕೂಸಿನಲ್ಲಿ ಜನ ವ್ಯತ್ಯಾಸ ಹುಡುಕುತ್ತಿರುವುದು ತಮಾಷೆಯೇ ಸರಿ.

ಭಕ್ತರು ಒಪ್ಪದ ಒಂದು ಮಾತನ್ನೂ ಹೇಳಬೇಕು. ಈ ಸ್ಪೀಕರಿನ ಬಾಸ್ ಪೂರ್ತಿ ಪ್ರಾಮಾಣಿಕವಲ್ಲ. ಸುಮಾರು 100ರಿಂದ 200 ಹರ್ಟ್ಸ್ ನಡುವೆ ತುಸು ಉಬ್ಬು ಇದೆ. ಅದರಿಂದ ಇಲ್ಲದ ಆಳ ಇರುವಂತೆ ಭಾಸವಾಗುತ್ತದೆ. ಮೂಲ ಸ್ವರ ಕ್ಷೀಣವಾದರೂ ಅದರ ಮೇಲಿನ ಉಪಸ್ವರಗಳಿಂದ ಮಿದುಳು ಅದನ್ನು ಊಹಿಸಿಕೊಳ್ಳುವುದೂ ಜೊತೆಗೂಡುತ್ತದೆ. ಗಾಯಕನ ದನಿ, ತಂಬೂರಿಯ ಜೀವಾಳ, ಪಿಟೀಲಿನ ಕಮಾನಿನ ಉಜ್ಜು ಎದುರಿಗೇ ಇದ್ದಂತೆ ಕೇಳಿದರೂ, ಮೃದಂಗದ ತೊಪ್ಪಿಯ ಗುಮುಕಿ ಕೋಣೆ ತುಂಬಲಿ ಎನ್ನುವವರಿಗೆ ಇದು ಸಾಲದು. ದೊಡ್ಡ ವಾದ್ಯವೃಂದವನ್ನು ಜೋರಾಗಿ ಕೇಳುವವರೂ ಬೇರೆ ನೋಡಬೇಕು.

1998ರ ಸುಮಾರಿಗೆ ಕೆಇಎಫ್ ಆ ಹಳೆಯ ಘಟಕಗಳನ್ನು ನಿಲ್ಲಿಸಿದಾಗ 3/5ಎ ಕೂಡ ನಿಂತಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಕೆಇಎಫ್‌ನಲ್ಲಿ ಬಿ110, ಟಿ27 ಎರಡನ್ನೂ ವಿನ್ಯಾಸಗೊಳಿಸಿದ ಮಾಲ್ಕಮ್ ಜೋನ್ಸ್ ಕಟ್ಟಿದ ಫಾಲ್ಕನ್ ಅಕೌಸ್ಟಿಕ್ಸ್ ಅವುಗಳನ್ನು ಹೊಸದಾಗಿ ಮಾಡಿ, 15 ಓಮ್ ರೂಪವನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಬೇರೆ ಕಂಪನಿಗಳೂ ತಂತಮ್ಮ ರೂಪಗಳನ್ನು ಮಾಡುತ್ತಿವೆ. ಬೆಲೆ ದುಬಾರಿ. ಕೊಂಡವರು ಪುಸ್ತಕದ ಕಪಾಟಿಗೆ ತುರುಕಬಾರದು: ಗೋಡೆಯಿಂದ ಈಚೆಗೆ, ಕೂತವರ ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ಆರೇಳು ಅಡಿ ದೂರದಲ್ಲಿ ಕೂರಬೇಕು. ಆಂಪ್ಲಿಫೈಯರ್ 25ರಿಂದ 50 ವಾಟ್ ಇದ್ದರೆ ಧಾರಾಳ.