‘ಗೋ ಅಪ್ ಇನ್ ಸ್ಮೋಕ್’: ಹೊಗೆಯಾದುದೇನು, ಆಗದುದೇನು?

ಆಂಗ್ಲಭಾಷೆಯಲ್ಲಿ ‘ಗೋ ಅಪ್ ಇನ್ ಸ್ಮೋಕ್’ ಎಂಬುದೊಂದು ನುಡಿಗಟ್ಟುಂಟು. ಹೊಗೆಯಾಗಿ ಮೇಲೇರುವುದು ಎಂಬುದು ಅದರ ಅಕ್ಷರಾರ್ಥ. ಕೂಡಿಟ್ಟ ಹಣ, ಹಾಕಿಕೊಂಡ ಯೋಜನೆ, ನೆಚ್ಚಿದ ಆಸೆ ಇವು ಗುರುತೂ ಉಳಿಯದಂತೆ ನಾಶವಾಗುವುದು ಭಾವಾರ್ಥ. ಮಾಲೀಕನು ರಜೆ ಕೊಡದೆ ಊರಿನ ಪ್ರಯಾಣ ತಪ್ಪಿಹೋದರೆ ‘ಮೈ ಪ್ಲಾನ್ಸ್ ವೆಂಟ್ ಅಪ್ ಇನ್ ಸ್ಮೋಕ್’ ಎನ್ನಬಹುದು. ಬೆಂಕಿ ಇರಲೇಬೇಕೆಂದಿಲ್ಲ.

ಇದನ್ನು ಶಬ್ದಶಃ ಕನ್ನಡಿಸಿ ಊರಿಗೆ ಕಾಗದ ಬರೆದರೆ ಮಾತ್ರ ಅನರ್ಥವಾದೀತು. ನಮ್ಮಲ್ಲಿ ಒಲೆಯಿಂದ ಹೊಗೆ ಏಳುವುದೆಂದರೆ ಮನೆಯಲ್ಲಿ ಅನ್ನವುಂಟು ಎಂದರ್ಥ. ಹೋಟೆಲಿನವರಾದ ನಮಗಂತೂ ಬೆಳಗಿನ ಐದು ಗಂಟೆಗೆ ಹೊಗೆ ಏಳದಿದ್ದರೇ ಚಿಂತೆ! ನಾಶಕ್ಕೆ ಕನ್ನಡವು ‘ಪಾಲು’ ಎಂಬ ಮಾತನ್ನು ಬಳಸುತ್ತದೆ: ಮಣ್ಣುಪಾಲು, ನೀರುಪಾಲು, ಬೆಂಕಿಪಾಲು. ಕಳೆದುಹೋದುದನ್ನು ಯಾರೋ ಪಾಲಿಗೆ ಪಡೆದರೆಂಬ ಭಾವ ಅದರಲ್ಲಿದೆ. ಆಂಗ್ಲರ ಹೊಗೆಯಲ್ಲಿ ಅಷ್ಟೂ ಸಮಾಧಾನವಿಲ್ಲ.

ಈ ನುಡಿಗಟ್ಟು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ತಿಳಿಯಲು ಬೈಕುಲ್ಲಾದ ಅಗ್ನಿಶಾಮಕ ದಳದ ಮುಖ್ಯ ಠಾಣೆಯವರೆಗೆ ಹೋದರೆ ಸಾಕು. ಅಲ್ಲಿ ಒಂದು ಸ್ಮಾರಕವಿದೆ. 1944ನೆಯ ಇಸವಿ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದರ ಒಡಲಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳು; ಅವುಗಳೊಡನೆಯೇ ಕರಾಚಿಯಲ್ಲಿ ತುಂಬಿದ 8,700 ಹತ್ತಿಯ ಬೇಲುಗಳು. ಮದ್ದಿನ ಜತೆಗೆ ಹತ್ತಿಯನ್ನು ಪೇರಿಸಿದವರ ಬುದ್ಧಿಗೆ ಏನೆನ್ನೋಣ! ಸಂಜೆ ನಾಲ್ಕು ಗಂಟೆ ದಾಟುತ್ತಲೇ ಮೊದಲನೆಯ ಸ್ಫೋಟ. ಅರ್ಧ ಗಂಟೆಯೊಳಗೆ ಎರಡನೆಯದು. ದೂರದ ಸಿಮ್ಲಾದ ಭೂಕಂಪಮಾಪಕವೂ ಅದನ್ನು ಗುರುತಿಸಿತು. ಅಕ್ಕಪಕ್ಕದ ಹಡಗುಗಳು, ಗೋದಾಮುಗಳು, ಧಾನ್ಯದ ರಾಶಿಗಳು ಉರಿದುಹೋದುವು. ಸುಮಾರು 80,000 ಜನರು ನಿರ್ವಸಿತರಾದರು.

ಆ ಹತ್ತಿ, ಆ ಧಾನ್ಯ ‘ವೆಂಟ್ ಅಪ್ ಇನ್ ಸ್ಮೋಕ್’ ಎಂದರೆ ನುಡಿಗಟ್ಟು ಅಕ್ಷರಾರ್ಥದಲ್ಲಿಯೂ ಭಾವಾರ್ಥದಲ್ಲಿಯೂ ಸರಿಹೊಂದುತ್ತದೆ. ಅದೇ ಹಡಗಿನಲ್ಲಿ 124 ಚಿನ್ನದ ಗಟ್ಟಿಗಳೂ ಇದ್ದುವು. ಅವು ಹೊಗೆಯಾಗಲಿಲ್ಲ, ಆಕಾಶಕ್ಕೆ ಹಾರಿ ಕೆಳಗೆ ಬಿದ್ದುವು. ಒಂದು ಗಟ್ಟಿ ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಗೇ ಬಂದು ಬಿತ್ತು; ಅವರು ಅದನ್ನು ಹಿಂದಿರುಗಿಸಿದರು. ದಶಕಗಳ ತರುವಾಯವೂ ಡಾಕಿನ ಕೆಸರಿನಲ್ಲಿ ಗಟ್ಟಿಗಳು ದೊರೆತುದುಂಟು. ಮರಳಿ ಸಿಕ್ಕುವ ವಸ್ತುವಿಗೆ ಈ ಮಾತು ಸಲ್ಲದು.

ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕರು ಮಡಿದರು. ಅವರ ವಿಷಯದಲ್ಲಿ ಈ ನುಡಿಗಟ್ಟನ್ನು ಬಳಸಿದರೆ ವ್ಯಾಕರಣದ ತಪ್ಪೇನೂ ಇಲ್ಲ, ಆದರೂ ಬಳಸಕೂಡದು. ಈ ಮಾತಿನಲ್ಲಿ ಸಣ್ಣದೊಂದು ಹಗುರತನವಿದೆ. ಕೈತಪ್ಪಿದ ಲಾಭವನ್ನು ಕುರಿತು ಭುಜ ಕುಣಿಸಿದಂತೆ. ಮಡಿದವರಿಗೆ ‘ಡೈಡ್’ ಎಂಬ ನೇರವಾದ ಶಬ್ದವೇ ತಕ್ಕುದು. ದೇಶದಾದ್ಯಂತ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುವುದು ಇವರ ಸ್ಮರಣೆಗಾಗಿಯೇ.

ಗುಮಾಸ್ತ ಬಂಧುಗಳಿಗೆ ಇನ್ನೊಂದು ಮಾತು. ಆ ದುರಂತದಲ್ಲಿ ಸೊತ್ತು ಕಳೆದುಕೊಂಡು ಅರ್ಜಿ ಹಾಕಿದವರಿಗೆ ಸರಕಾರವು ಪರಿಹಾರ ಕೊಟ್ಟಿತು. ಇಂದಿಗೂ ಅಂಗಡಿಗೋ ಹೋಟೆಲಿಗೋ ಬೆಂಕಿ ತಗುಲಿ ವಿಮಾ ಕಂಪೆನಿಗೆ ಬರೆಯಬೇಕಾದಾಗ ಹೊಗೆಯ ಮಾತನ್ನು ಬಿಟ್ಟು ‘ಡಿಸ್ಟ್ರಾಯ್ಡ್ ಬೈ ಫೈರ್’ ಎಂದು ಬರೆಯಿರಿ; ಕೆಳಗೆ ಮೇಜು ಎಷ್ಟು, ಕುರ್ಚಿ ಎಷ್ಟು, ಅಕ್ಕಿಯ ಮೂಟೆ ಎಷ್ಟು, ಕ್ರಯವೆಷ್ಟು ಎಂಬುದನ್ನು ನಮೂದಿಸಿ, ಬಿಲ್ಲುಗಳ ನಕಲನ್ನು ಲಗತ್ತಿಸಿರಿ.