ಹಂದಿಗೂಡಿಗೆ ಎಷ್ಟು ಜಾಗ, ಯಾವ ಜಾಗ?

ನಾಲ್ಕು ಹಂದಿಮರಿ ಸಾಕಲು ಎಷ್ಟು ಜಾಗ ಬೇಕು? "ಹಂದಿಗೆಂತ ಜಾಗ? ತೋಟದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟರೆ ಆಯ್ತಲ್ಲ" ಎನ್ನುವವರೇ ಹೆಚ್ಚು. ಆದರೆ ಆ ಮೂಲೆ ಯಾವುದು ಎಂಬುದು ಮುಖ್ಯ. ಹಂದಿಯ ಆರೋಗ್ಯ ಮಾತ್ರವಲ್ಲ, ನಮ್ಮ ಬಾವಿಯ ನೀರೂ ಅದನ್ನೇ ಅವಲಂಬಿಸಿದೆ. ಕಾಸರಗೋಡು, ವಯನಾಡಿನ ಗುಡ್ಡದ ಬದಿಗಳಲ್ಲಿ ಮನೆಯ ಹತ್ತಿರವೇ ಹಂದಿ ಸಾಕುವವರು ಇದ್ದಾರೆ. ನಿಮ್ಮ ಮನೆಯಲ್ಲಿ ಹಂದಿ ಇಲ್ಲದಿರಬಹುದು. ದನ, ಆಡು, ಕೋಳಿ ಉಂಟಲ್ಲ? ಕೆಳಗಿನ ಹೆಚ್ಚಿನ ಮಾತುಗಳು ಅವಕ್ಕೂ ಹೊಂದುತ್ತವೆ.

ಮೊದಲು ಅಳತೆ

ತಾಯಿಯ ಹಾಲು ಬಿಡಿಸಿದ ಎರಡು ತಿಂಗಳ ಮರಿ 12-15 ಕೆ.ಜಿ. ತೂಗುತ್ತದೆ. ಒಳ್ಳೆಯ ತಳಿಯಾದರೆ ಏಳೆಂಟು ತಿಂಗಳ ಪ್ರಾಯಕ್ಕೆ 80-90 ಕೆ.ಜಿ. ಆಗುತ್ತದೆ. ಹಾಗಾಗಿ ಮರಿಯನ್ನು ನೋಡಿ ಗೂಡು ಕಟ್ಟಬಾರದು, ಬೆಳೆದ ಹಂದಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ದೇಶದಲ್ಲಿ ಶಿಫಾರಸು ಮಾಡುವ ಅಳತೆ, ಬೆಳೆಯುವ ಹಂದಿ ಒಂದಕ್ಕೆ 0.9ರಿಂದ 1.8 ಚದರ ಮೀಟರ್ ಮಾಡಿನ ಅಡಿಯ ಜಾಗ, ಅಷ್ಟೇ ತೆರೆದ ಅಂಗಳ. ದೊಡ್ಡ ಸಂಖ್ಯೆಯನ್ನೇ ಹಿಡಿಯೋಣ. 4 × 1.8 = 7.2 ಚ.ಮೀ. ಮಾಡು, 7.2 ಚ.ಮೀ. ಅಂಗಳ. ಒಟ್ಟು 14.4 ಚ.ಮೀ. ಜಾಗ ಕಡಿಮೆಯಾದರೆ ಹಂದಿಗಳು ಒಂದರ ಬಾಲವನ್ನು ಇನ್ನೊಂದು ಕಚ್ಚುವುದು ಹೆಚ್ಚುತ್ತದೆ.

ಹಂದಿಗೆ ಕೆಸರು ಯಾಕೆ?

"ಹಂದಿ ಗಲೀಜು ಪ್ರಾಣಿ" ಎಂಬ ಮಾತು ಕೇಳಿದ್ದೀರಿ. ವಿಷಯ ಬೇರೆಯೇ ಉಂಟು. ಸೆಕೆಯಾದಾಗ ನಾವು ಬೆವರುತ್ತೇವೆ. ಹಂದಿಗೆ ಹಾಗೆ ಬೆವರಿ ಮೈ ತಣಿಸಲು ಆಗುವುದಿಲ್ಲ, ಅದರ ಬೆವರಿನ ಗ್ರಂಥಿಗಳು ಸಾಲವು. ಆದ್ದರಿಂದ ಅದು ಹೊರಗಿನ ನೀರನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು. ಅದೇ ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಲು ಸುಮಾರು 2400 ಜೂಲ್ ಉಷ್ಣ ಬೇಕು. ಕೆಸರು ಮೆಲ್ಲ ಒಣಗುವುದರಿಂದ ಬರೀ ನೀರಿಗಿಂತ ಹೆಚ್ಚು ಹೊತ್ತು ತಂಪು ಕೊಡುತ್ತದೆ, ಬಿಸಿಲಿನಿಂದ ಚರ್ಮವನ್ನೂ ಕಾಯುತ್ತದೆ.

ಹಾಗಾದರೆ ಅಂಗಳದಲ್ಲಿ ನೆರಳು ಮತ್ತು ನೀರು ಬೇಕೇ ಬೇಕು. ಮಾಡಿನ ಉದ್ದ ಪೂರ್ವ-ಪಶ್ಚಿಮವಾಗಿ ಇದ್ದರೆ ಬೆಳಗ್ಗೆ, ಸಂಜೆಯ ಓರೆ ಬಿಸಿಲು ಒಳಗೆ ನುಗ್ಗುವುದು ಕಡಿಮೆ. ನೀರಿನ ತೊಟ್ಟಿಯನ್ನು ಮಲಗುವ ಜಾಗದಿಂದ ದೂರ, ಇಳಿಜಾರಿನ ಕೆಳತುದಿಯಲ್ಲಿ ಇಡಿ. ಹಂದಿ ಮಲಗುವ ಜಾಗದಲ್ಲಿ ಮಲ ಹಾಕಲು ಇಷ್ಟಪಡುವುದಿಲ್ಲ, ಒದ್ದೆಯಾದ ದೂರದ ಮೂಲೆ ಹುಡುಕುತ್ತದೆ. ಅದರ ಈ ಅಭ್ಯಾಸಕ್ಕೆ ಸರಿಯಾಗಿ ಗೂಡು ಕಟ್ಟಿದರೆ ಗುಡಿಸುವ ಕೆಲಸ ಅರ್ಧ ಕಡಿಮೆ.

ಮಳೆಯ ಲೆಕ್ಕ

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ನಮ್ಮ 7.2 ಚ.ಮೀ. ಅಂಗಳಕ್ಕೆ ಬೀಳುವ ನೀರು 25,200 ಲೀಟರ್! ಮಾಡಿಗೆ ದಂಬೆ ಕಟ್ಟದಿದ್ದರೆ ಮಾಡಿನ ನೀರೂ ಅಂಗಳಕ್ಕೇ ಬಿದ್ದು ಇದು ಇಮ್ಮಡಿಯಾಗುತ್ತದೆ.

ಈ ನೀರು ಬರಿಗೈಯಲ್ಲಿ ಹೋಗುವುದಿಲ್ಲ. 60 ಕೆ.ಜಿ.ಯ ಹಂದಿಯ ದಿನದ ಮಲಮೂತ್ರ ದೇಹತೂಕದ ಶೇಕಡಾ 5 ಎಂದು ಹಿಡಿದರೂ 3 ಕೆ.ಜಿ. ಆಯಿತು. ನಾಲ್ಕಕ್ಕೆ 12 ಕೆ.ಜಿ., ತಿಂಗಳಿಗೆ 360 ಕೆ.ಜಿ. ನಮ್ಮ ಮುರಕಲ್ಲಿನಲ್ಲಿ ತೂತುಗಳು ತುಂಬ, ನೀರು ಬೇಗ ಕೆಳಗಿಳಿಯುತ್ತದೆ. ಮಲದ ರೋಗಾಣುಗಳು ಅದರೊಂದಿಗೆ ಬಾವಿಗೆ ಹೋಗಬಹುದು. ಮೂತ್ರದ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು ಎಂಬುದು ಭಾರತೀಯ ಮಾನದಂಡ. ಮೀರಿದರೆ ಎಳೆಯ ಶಿಶುಗಳ ರಕ್ತ ಆಮ್ಲಜನಕ ಸಾಗಿಸಲಾಗದೆ ಮೈ ನೀಲಿಗಟ್ಟುವ ಅಪಾಯ ಉಂಟು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವೇ ಆಗುತ್ತದೆ.

ಆದ್ದರಿಂದ ಗೂಡು ಬಾವಿಗಿಂತ ತಗ್ಗಿನಲ್ಲಿ, ಆದಷ್ಟು ದೂರ ಇರಬೇಕು. ಸುರಂಗದ ನೀರು ಕುಡಿಯುವ ಮನೆಯವರು ಇನ್ನೂ ಜಾಗ್ರತೆ ಮಾಡಬೇಕು. ಸುರಂಗಕ್ಕೆ ನೀರು ಬರುವುದು ಮೇಲಿನ ಗುಡ್ಡದಿಂದ, ಅಲ್ಲಿ ಗೂಡು ಕಟ್ಟಲೇಬಾರದು. ಅಂಗಳಕ್ಕೆ ಗಟ್ಟಿ ನೆಲ, 100 ಸೆಂ.ಮೀ.ಗೆ 2-3 ಸೆಂ.ಮೀ. ಇಳಿಜಾರು, ಕೊನೆಗೆ ಮುಚ್ಚಿದ ಗೊಬ್ಬರಗುಂಡಿ ಇರಲಿ. ಚೆನ್ನಾಗಿ ಕಳಿತರೆ ಅದೇ ತೋಟಕ್ಕೆ ಚಿನ್ನ.

ಮರದಡಿ ಬೇಡ, ಬೇಲಿ ಬೇಕು

ನೆರಳಿಗೆಂದು ಮಾವಿನ ಮರದಡಿ ಗೂಡು ಕಟ್ಟಿದರೆ? 1998-99ರಲ್ಲಿ ಮಲೇಷ್ಯಾದ ಹಂದಿ ಫಾರ್ಮುಗಳ ಹತ್ತಿರ ಹಣ್ಣಿನ ಮರಗಳಿದ್ದವು. ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ ನಿಪಾ ವೈರಸ್ ದಾಟಿತು ಎಂದು ವಿಜ್ಞಾನಿಗಳು ಕಂಡುಕೊಂಡರು. ನೂರಕ್ಕೂ ಹೆಚ್ಚು ಜನ ತೀರಿಹೋದರು, ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು.

2022ರ ಜುಲೈಯಲ್ಲಿ ವಯನಾಡಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿತು. ಇದು ಮನುಷ್ಯರಿಗೆ ಬರುವುದಿಲ್ಲ, ಆದರೆ ಹಂದಿಗೆ ಬಂದರೆ ಮದ್ದಿಲ್ಲ. ಕಾಡುಹಂದಿಯಿಂದಲೂ, ಮಾಂಸದ ಎಂಜಲಿನಿಂದಲೂ ಹರಡಬಹುದು. ಆದ್ದರಿಂದ ಮೂತಿಗೆ ಮೂತಿ ತಾಗದ ಹಾಗೆ ಎರಡು ಸುತ್ತು ಬೇಲಿ ಒಳ್ಳೆಯದು. ಹಂದಿ ಮೂತಿಯಿಂದ ಮಣ್ಣು ಅಗೆಯುತ್ತದೆ, ಬೇಲಿಯ ಬುಡ ನೆಲದೊಳಗೆ ಹೋಗಿರಲಿ.

ನೀವೂ ಅಳೆದು ನೋಡಿ

ಉದ್ದದ ಪಾರದರ್ಶಕ ಪೈಪಿಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿಸಿ. ಒಂದು ತುದಿಯನ್ನು ಬಾವಿಯ ಹತ್ತಿರ, ಇನ್ನೊಂದನ್ನು ಹಟ್ಟಿ ಅಥವಾ ಗೂಡಿನ ಹತ್ತಿರ ಎತ್ತಿ ಹಿಡಿಯಿರಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೆಲದಿಂದ ಆ ಮಟ್ಟಕ್ಕೆ ಎಷ್ಟು ಎತ್ತರ ಎಂದು ಎರಡೂ ಕಡೆ ಅಳೆಯಿರಿ. ಎತ್ತರ ಹೆಚ್ಚು ಬಂದ ಕಡೆ ನೆಲ ತಗ್ಗು. ಬಾವಿಯ ಕಡೆಯೇ ತಗ್ಗು ಬಂತಾ? ಹಾಗಾದರೆ ಮನೆಯಲ್ಲಿ ಹೇಳಿ, ಮಳೆಗಾಲದ ಮೊದಲು ನಡುವೆ ಒಂದು ಕಣಿ ತೋಡಿ ಕೊಳೆನೀರನ್ನು ಬೇರೆ ಕಡೆ ತಿರುಗಿಸಲಿ.