ದುರ್ಗವನ್ನು ಪೆಟ್ಟಿಗೆಯೊಳಗೆ ಹಿಡಿಸುವ ಲೆಕ್ಕ

ತುಮಕೂರಿಗೆ ಹದಿನೈದು ಕಿಲೋಮೀಟರ್ ದೂರದ ದೇವರಾಯನದುರ್ಗವನ್ನು ಯಾರೋ ವಿಡಿಯೊ ಗೇಮ್‌ನೊಳಗೆ ಕಟ್ಟಲು ಹೊರಟಿದ್ದಾರೆ ಎಂದುಕೊಳ್ಳೋಣ. ಆಟಗಾರ ನಾಮದ ಚಿಲುಮೆಯ ಕಡೆಯಿಂದ ಬೈಕಿನಲ್ಲಿ ಬರುತ್ತಾನೆ. ತಿರುವಿಗೊಂದು ಬಂಡೆ, ಕುರುಚಲು ಕಾಡು, ಕಟ್ಟೆಯ ಮೇಲೆ ಕೂತ ಕೋತಿ. ಕೆಳಗೆ ಭೋಗನರಸಿಂಹನ ಗುಡಿ, ಮೇಲೆ ಯೋಗನರಸಿಂಹನದು. ತುದಿಯಲ್ಲಿ ನಿಂತರೆ ಸುತ್ತಲಿನ ಬಯಲು, ಕೆರೆ, ತೋಟಗಳೆಲ್ಲ ಒಟ್ಟಿಗೆ ಕಾಣಬೇಕು. ಕಾಲ ಬಳಿಯ ಬಂಡೆಗೆ ಅಂಟಿದ ಹಾವಸೆಯೂ ಕಾಣಬೇಕು. ಇದು ಬರಿಯ ಹಗಲುಗನಸೇನಲ್ಲ. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಟ್ಟ ಧ್ರುವ ಇಂಟರಾಕ್ಟಿವ್ ಕಂಪನಿ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. 2019ರಲ್ಲಿ ಆ ಕಂಪನಿಯನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡಿತು. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎಂಬ ಎರಡೂ ಆಟದ ಪೆಟ್ಟಿಗೆಗಳಿಗೆ ಚಿಪ್ ಕೊಡುವ ಎಎಂಡಿ ಕಂಪನಿಯ ಅತಿದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರ್‌ನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಮುಂದಿನ ಎಕ್ಸ್‌ಬಾಕ್ಸ್ ಎಎಂಡಿ ಜೊತೆಗೇ ಎಂದು ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಹೇಳಿತು. ಮುಂದಿನ ಪ್ಲೇಸ್ಟೇಷನ್ನಿನಲ್ಲಿ ಏನೇನು ಇರಬಹುದೆಂದು ಸೋನಿಯ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದಿಷ್ಟು ಬಾಯಿಬಿಟ್ಟರು. ಉಳಿದದ್ದನ್ನು ವದಂತಿ ತುಂಬಿಸುತ್ತಿದೆ. ವದಂತಿಗೆ ಯಾವಾಗಲೂ ಒಂದೇ ಅಂಕಿ ಬೇಕು: ಎಷ್ಟು ಟೆರಾಫ್ಲಾಪ್ಸ್? ಹೊಸ ಪೆಟ್ಟಿಗೆಯ ತಾಕತ್ತನ್ನು ಅಳೆಯಲು ಅದಕ್ಕಿಂತ ಕಡಿಮೆ ಉಪಯೋಗದ ಅಂಕಿ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮೊದಲು ಈ ಅಂಕಿ ಹುಟ್ಟುವ ಬಗೆ ನೋಡೋಣ. ಪ್ಲೇಸ್ಟೇಷನ್ 5ರ ಚಿತ್ರ ಬಿಡಿಸುವ ಚಿಪ್‌ನಲ್ಲಿ 36 ಘಟಕಗಳಿವೆ. ಪ್ರತಿ ಘಟಕದಲ್ಲಿ 64 ಲೆಕ್ಕಿಗರು. ಒಂದು ಗುಣಾಕಾರ, ಅದಕ್ಕೊಂದು ಸಂಕಲನ ಎಂದು ಒಬ್ಬ ಲೆಕ್ಕಿಗ ಒಂದು ಬಡಿತಕ್ಕೆ ಎರಡು ಲೆಕ್ಕ ಮಾಡುತ್ತಾನೆ. ಸೆಕೆಂಡಿಗೆ ಬಡಿತ 223 ಕೋಟಿ. ಎಲ್ಲವನ್ನೂ ಗುಣಿಸಿದರೆ 10.28 ಲಕ್ಷ ಕೋಟಿ, ಅಂದರೆ 10.28 ಟೆರಾಫ್ಲಾಪ್ಸ್. ಯಾರೂ ಪೆಟ್ಟಿಗೆಯ ಮುಂದೆ ಕೂತು ಅಳೆದದ್ದಲ್ಲ, ಕಾಗದದ ಮೇಲೆ ಗುಣಿಸಿದ್ದು. ಇದನ್ನು ದುರ್ಗದ ಚಿತ್ರಕ್ಕೆ ಹಂಚಿ ನೋಡಿ. 4ಕೆ ಟಿವಿಯ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಸೆಕೆಂಡಿಗೆ 60 ಸಲ ಬಿಡಿಸಬೇಕೆಂದರೆ ಹತ್ತಿರ ಹತ್ತಿರ 50 ಕೋಟಿ ಚುಕ್ಕೆ. ಒಂದೊಂದು ಚುಕ್ಕೆಯ ಪಾಲಿಗೆ ಇಪ್ಪತ್ತು ಸಾವಿರ ಲೆಕ್ಕ ಬಂತು. ಹಾವಸೆಯ ಹಸಿರಿಗೆ ಅದು ಧಾರಾಳ. ಆದರೆ ಹಾವಸೆಯ ಬಣ್ಣ ಏನು, ಬಿಸಿಲು ಯಾವ ಕಡೆಯಿಂದ, ಬಂಡೆಯ ಉಬ್ಬುತಗ್ಗು ಎಷ್ಟು ಎಂಬುದನ್ನು ಲೆಕ್ಕಿಗ ಮೆಮೊರಿಯಿಂದ ತರಿಸಿಕೊಳ್ಳಬೇಕು. ಆ ಪೆಟ್ಟಿಗೆಯ ಮೆಮೊರಿ ಸೆಕೆಂಡಿಗೆ ಕೊಡಬಲ್ಲದ್ದು 448 ಜಿಬಿ. ಅದನ್ನೂ ಹಾಗೇ ಹಂಚಿದರೆ ಚುಕ್ಕೆಗೆ ಸಿಗುವುದು 900 ಬೈಟ್. ಕಂಪ್ಯೂಟರಿನಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು, ಹಾಗಾಗಿ ಇದು ಮುನ್ನೂರು ಚಿಹ್ನೆಗಳ ಒಂದು ಪುಟ್ಟ ಟಿಪ್ಪಣಿ. ಇಪ್ಪತ್ತು ಸಾವಿರ ಲೆಕ್ಕ ಮಾಡುವವನ ಕೈಗೆ ಅಷ್ಟೇ ಬರಹ ಕೊಟ್ಟರೆ ಅವನು ಬಹಳ ಹೊತ್ತು ಕೈಕಟ್ಟಿ ಕೂರುತ್ತಾನೆ.

ದುರ್ಗದ ಪಕ್ಕದ ತಾಲ್ಲೂಕಿನ ಗುಬ್ಬಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಟ ಎಷ್ಟೇ ಚುರುಕಾಗಿರಲಿ, ಮುಂದಿನ ಸೀನಿನ ಪರದೆ ಇಳಿಯದೆ, ಕಿರೀಟ ಕೈಗೆ ಬಾರದೆ ಅವನು ಏನು ಮಾಡಿಯಾನು? ಟೆರಾಫ್ಲಾಪ್ಸ್ ಎಂದರೆ ನಟನ ಚುರುಕು. ಮೆಮೊರಿ ಎಂದರೆ ಸೈಡ್ ವಿಂಗಿನ ಜಾಗ. ಸೀನರಿ ತುಂಬಿಕೊಂಡು ಹಿಂದೆ ನಿಂತ ಲಾರಿಯೇ ಡಿಸ್ಕ್. 2020ರ ಪ್ಲೇಸ್ಟೇಷನ್ನಿನ ದೊಡ್ಡ ಜಿಗಿತ ಈ ಲಾರಿಯಲ್ಲಿತ್ತು: ಹಳೆಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರು ಎಂಬಿ ಕೊಡಲು ಏದುಸಿರು ಬಿಡುತ್ತಿದ್ದರೆ ಹೊಸ ಎಸ್‌ಎಸ್‌ಡಿ 5.5 ಜಿಬಿ ಕೊಟ್ಟಿತು. ಬೈಕು ತಿರುವು ದಾಟುವುದರೊಳಗೆ ಮುಂದಿನ ತಿರುವಿನ ಬಂಡೆಗಳು ಬಂದು ಕೂರುವುದು ಅದರಿಂದ. ಸೈಡ್ ವಿಂಗು ಮಾತ್ರ ಹಾಗೆ ಬೆಳೆಯಲಿಲ್ಲ. 2000ದ ಪ್ಲೇಸ್ಟೇಷನ್ 2ರಲ್ಲಿ ಮುಖ್ಯ ಮೆಮೊರಿ 32 ಎಂಬಿ. 2006ರ ಮೂರನೆಯದರಲ್ಲಿ ಎಲ್ಲ ಸೇರಿ 512 ಎಂಬಿ. 2013ರ ನಾಲ್ಕನೆಯದರಲ್ಲಿ 8 ಜಿಬಿ. ತಲೆಮಾರಿಗೆ ಹದಿನಾರು ಪಟ್ಟು! 2020ರಲ್ಲಿ ಬಂದದ್ದು 16 ಜಿಬಿ, ಬರೀ ಎರಡು ಪಟ್ಟು. ಅದೇ ಏಳು ವರ್ಷದಲ್ಲಿ ಟೆರಾಫ್ಲಾಪ್ಸ್ 1.84ರಿಂದ ಐದೂವರೆ ಪಟ್ಟು ಏರಿತು. ಮೆಮೊರಿಯ ವೇಗ 176 ಜಿಬಿಯಿಂದ ಎರಡೂವರೆ ಪಟ್ಟು.

ಇದಕ್ಕೆ ಸೋನಿಯದೇ ಸಾಕ್ಷಿ ಬೇಕೆಂದರೆ 2024ರ ಪ್ಲೇಸ್ಟೇಷನ್ 5 ಪ್ರೊ ಇದೆ. ಅದರ ಟೆರಾಫ್ಲಾಪ್ಸ್ 16.7, ಮೊದಲಿಗಿಂತ ಶೇ 62ರಷ್ಟು ಹೆಚ್ಚು. ಮೆಮೊರಿಯ ವೇಗ ಹೆಚ್ಚಿದ್ದು ಶೇ 28. ಚಿತ್ರ ಬಿಡಿಸುವ ವೇಗ ಎಷ್ಟು ಹೆಚ್ಚುತ್ತದೆಂದು ಸೋನಿ ಹೇಳಿತು? ಹೆಚ್ಚೆಂದರೆ ಶೇ 45. ಆ ಎರಡು ಅಂಕಿಗಳ ನಡುವೆ ಬಂದು ನಿಂತ ಇದೊಂದು ಅಂಕಿಯನ್ನು ನೋಡಿದರೆ ಸಾಕು, ಕಡಿವಾಣ ಯಾರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ. ಪ್ರೊ ಬರುವ ಮುನ್ನ ಹಬ್ಬಿದ ವದಂತಿಯಲ್ಲಿ ಇದ್ದದ್ದು 33.5 ಟೆರಾಫ್ಲಾಪ್ಸ್, ನಿಜಕ್ಕೆ ಸರಿಯಾಗಿ ಎರಡರಷ್ಟು. ಪ್ಲೇಸ್ಟೇಷನ್ 5ರ ನಂತರದ ಪೀಳಿಗೆಯ ಎಎಂಡಿ ಚಿಪ್‌ಗಳಲ್ಲಿ ಲೆಕ್ಕಿಗ ಒಂದು ಬಡಿತಕ್ಕೆ ಎರಡರ ಬದಲು ನಾಲ್ಕು ಲೆಕ್ಕ ಮಾಡಬಹುದೆಂದು ಕಾಗದ ಹೇಳುತ್ತದೆ. ಆ ಸೂತ್ರವನ್ನು ಯಾರೋ ಪ್ರೊಗೂ ಹಚ್ಚಿದ್ದರು. ಹೀಗೆ ಉಬ್ಬಿದ ಫ್ಲಾಪ್ಸ್‌ನಿಂದ ಆಟವೇನೂ ಅಷ್ಟೇ ಉಬ್ಬುವುದಿಲ್ಲ ಎಂದು ಸರ್ನಿಯವರೇ ಆಮೇಲೆ ಬಿಡಿಸಿ ಹೇಳಬೇಕಾಯಿತು. ಮುಂದಿನ ಪೆಟ್ಟಿಗೆಯ ಬಗ್ಗೆ ಬೆರಗಾಗಿಸುವ ಅಂಕಿ ಕಿವಿಗೆ ಬಿದ್ದಾಗ ಅದನ್ನು ಎರಡರಿಂದ ಭಾಗಿಸಿ ನೋಡುವುದು ಕ್ಷೇಮ.

ಒಂದೇ ಕಂಪನಿಯ ಒಂದೇ ಬಗೆಯ ಚಿಪ್‌ಗಳನ್ನು ಹೋಲಿಸಲು ಟೆರಾಫ್ಲಾಪ್ಸ್ ಸಾಕಲ್ಲವೇ ಎಂದು ಕೇಳಬಹುದು. ಮೇಲ್ನೋಟಕ್ಕೆ ನ್ಯಾಯದ ಮಾತೇ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 12.15, ಪ್ಲೇಸ್ಟೇಷನ್ 5ರಲ್ಲಿ 10.28, ಎರಡೂ ಎಎಂಡಿ, ಎರಡೂ 2020. ಆದರೂ ಎರಡಕ್ಕೂ ಬಂದ ಆಟಗಳನ್ನು ಪಕ್ಕಪಕ್ಕ ಇಟ್ಟರೆ ಬಹುಪಾಲು ವ್ಯತ್ಯಾಸವನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಇನ್ನೂ ಗಟ್ಟಿ ಆಕ್ಷೇಪ ಎಐ ಕಡೆಯಿಂದ ಬರುತ್ತದೆ. ಕಡಿಮೆ ಚುಕ್ಕೆ ಬಿಡಿಸಿ ಉಳಿದದ್ದನ್ನು ಎಐ ಊಹಿಸಿ ತುಂಬುವ ಕಾಲ ಇದು, ಪ್ರೊ ಈಗಾಗಲೇ ಹಾಗೆ ಮಾಡುತ್ತದೆ. ಹಾಗಿದ್ದಮೇಲೆ ಮೆಮೊರಿಯ ಚಿಂತೆ ಏಕೆ? ಚುಕ್ಕೆ ಕಡಿಮೆಯಾದಾಗ ಹೊರೆ ಇಳಿಯುವುದು ನಿಜ. ಆದರೆ ಊಹೆ ಮಾಡುವ ಎಐ ಕೂಡ ಮೆಮೊರಿಯಿಂದಲೇ ಉಣ್ಣುತ್ತದೆ, ಅದೂ ಗಬಗಬನೆ. ಅಕ್ಟೋಬರ್‌ನಲ್ಲಿ ಸರ್ನಿ ಹೇಳಿದ ಮೂರು ಸಂಗತಿಗಳಲ್ಲಿ ಒಂದು, ಚಿಪ್ ಮತ್ತು ಮೆಮೊರಿಯ ನಡುವೆ ಓಡಾಡುವ ಎಲ್ಲವನ್ನೂ ಹಿಂಡಿ ಚಿಕ್ಕದಾಗಿಸುವ ಉಪಾಯ. ದಾರಿ ಅಗಲವಾಗಿದ್ದರೆ ಯಾರೂ ಗಂಟುಮೂಟೆ ಹಿಂಡಲು ಹೋಗುವುದಿಲ್ಲ.

ದಾರಿ ಅಗಲಿಸಬಾರದೇಕೆ ಎಂದರೆ, ದುಡ್ಡು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ಬೆಲೆ ಏರಿಸಿದವು. ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ತನ್ನ ಜನಬಳಕೆಯ ಮೆಮೊರಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಸಾರಿತು. ಹಿಂದೆ ಪೆಟ್ಟಿಗೆ ಹಳತಾದಂತೆ ಅಗ್ಗವಾಗುತ್ತಿತ್ತು. ಈಗ ಹಾಗಿಲ್ಲ: 2021ರಲ್ಲಿ ಭಾರತಕ್ಕೆ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5 ಮರುವರ್ಷವೇ 54,990 ಆಯಿತು. ಇನ್ನು ಕರೆಂಟು. ಆಡುವಾಗ ಆ ಪೆಟ್ಟಿಗೆ ಸುಮಾರು 200 ವಾಟ್ ಎಳೆಯುತ್ತದೆ, ಐದು ಗಂಟೆ ಆಡಿದರೆ ಮೀಟರಿನಲ್ಲಿ ಒಂದು ಯೂನಿಟ್. ಬೆಸ್ಕಾಂ ಬಿಲ್ಲಿಗೆ ಅದು ದೊಡ್ಡದಲ್ಲ. ಬಿಸಿಲುಕಾಲದ ಕೋಣೆಯಲ್ಲಿ ಆ 200 ವಾಟೂ ಶಾಖವಾಗಿ ಹೊರಬರಬೇಕು ಎಂಬುದೇ ಕಷ್ಟ. ಸೋನಿ ಮೊದಲು ಕರೆಂಟಿನ ಮಿತಿ ಗೊತ್ತುಮಾಡಿ, ಬಡಿತ ಅದಕ್ಕೆ ತಕ್ಕಂತೆ ಏರಿಳಿಯಲಿ ಎಂದು ಬಿಟ್ಟಿತು. ಹಾಗಾಗಿ 10.28 ಎಂಬುದೂ ನೆತ್ತಿಯ ಅಂಕಿ, ಸದಾ ಇರುವುದಲ್ಲ.

ಇಷ್ಟೆಲ್ಲ ಕೂಡಿಸಿ ಕಳೆದು ನನ್ನ ಊಹೆ: ಮುಂದಿನ ಪ್ಲೇಸ್ಟೇಷನ್ನಿನಲ್ಲಿ ಮೆಮೊರಿ 24ರಿಂದ 32 ಜಿಬಿಯೊಳಗೆ ನಿಲ್ಲುತ್ತದೆ, ಅದರ ವೇಗ ಈಗಿನದರ ಎರಡು ಪಟ್ಟು ದಾಟುವುದಿಲ್ಲ, ಕರೆಂಟು 250 ವಾಟ್ ಮೀರುವುದಿಲ್ಲ. ಟೆರಾಫ್ಲಾಪ್ಸ್ ಎಷ್ಟಾದರೂ ಇರಲಿ, ದುರ್ಗದ ಬಂಡೆಗಳು ಹೆಚ್ಚಾಗುವುದಕ್ಕಿಂತ ಅವುಗಳ ಮೇಲೆ ಬೀಳುವ ಬೆಳಕು ಸಾಚಾ ಆಗುತ್ತದೆ, ಏಕೆಂದರೆ ಬೆಳಕಿನ ಕಿರಣದ ಜಾಡು ಹಿಡಿಯಲೆಂದೇ ಪ್ರತ್ಯೇಕ ಘಟಕ ಇಡುವುದು ಸರ್ನಿ ಹೇಳಿದ ಮೂರರಲ್ಲಿ ಇನ್ನೊಂದು. ಆ ಪೆಟ್ಟಿಗೆ ಇಲ್ಲಿನ ಅಂಗಡಿಗೆ ಬರುತ್ತದೆಯೇ ಎಂಬುದು ಬೇರೆಯೇ ಲೆಕ್ಕ. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಮಾರಾಟವಾದ ಪ್ರೊ ಆಗ ಭಾರತಕ್ಕೆ ಬರಲಿಲ್ಲ. ಅದರೊಳಗಿನ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ನಮ್ಮಲ್ಲಿ ಇನ್ನೂ ಅನುಮತಿ ಇರಲಿಲ್ಲ.